ಸೋರುವ ನಲ್ಲಿಯನ್ನು ನಾವೇ ಬದಲಿಸುವುದು

ನಮ್ಮ ಪತ್ರಿಕೆಯಲ್ಲಿ ಜಿಎಸ್‌ಟಿ ಬಗ್ಗೆ, ಷೇರು ಮಾರುಕಟ್ಟೆಯ ಬಗ್ಗೆ, ಪರೀಕ್ಷೆಗೆ ಓದುವ ವೇಳಾಪಟ್ಟಿಯ ಬಗ್ಗೆ ಲೇಖನಗಳು ಬಂದಿವೆ. ನಾನು ಬರೆಯುತ್ತಿರುವುದು ಬಚ್ಚಲುಮನೆಯ ನಲ್ಲಿಯ ಬಗ್ಗೆ. ಕಾಮರ್ಸ್ ಹುಡುಗಿಗೆ ಇದೇಕೆ ಎಂದು ಕೇಳುವವರಿಗೆ ಉತ್ತರ ಲೇಖನದ ಕೊನೆಯ ಕಡೆಗೆ, ಲೆಕ್ಕದ ಭಾಗದಲ್ಲಿ ಸಿಗುತ್ತದೆ.

ಮೊದಲು ಹೆಸರಿನ ವಿಷಯ. ಮನೆಯಲ್ಲಿ ನಾವು ಉರ್ದುವಿನಲ್ಲಿ 'ನಲ್' ಅನ್ನುತ್ತೇವೆ. ಪಕ್ಕದ ಮನೆಯವರು 'ನಳ' ಅನ್ನುತ್ತಾರೆ. ಪುಸ್ತಕದಲ್ಲಿ 'ನಲ್ಲಿ'. ಈಜಿಪ್ಟಿನ ಅರಬ್ಬಿಯಲ್ಲಿ ನಲ್ಲಿಗೆ 'ಹನಫಿಯ್ಯ' ಎಂಬ ಹೆಸರಿದೆ ಎಂದು ನಮ್ಮ ಅರೇಬಿಕ್ ಉಪನ್ಯಾಸಕರು ಹೇಳಿದಾಗ ತರಗತಿಯೆಲ್ಲ ನಕ್ಕಿತ್ತು. ನಮ್ಮ ಹನಫಿ ಮಜಹಬ್‌ನ ಹೆಸರೇ ಅದು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಯಾವ ಹೆಸರೂ ಸಾಲದು. ಅಲ್ಲಿ ಗೋಡೆಯಿಂದ ಹೊರಬರುವ ಸಾದಾ ನಲ್ಲಿ 'ಬಿಬ್ ಕಾಕ್'. ವಾಶ್ ಬೇಸಿನ್ ಮೇಲೆ ನಿಂತಿರುವುದು 'ಪಿಲ್ಲರ್ ಕಾಕ್'. ಅಡುಗೆಮನೆಯ ಸಿಂಕ್ ಮೇಲೆ ಉದ್ದ ಕತ್ತು ತಿರುಗುವುದು 'ಸಿಂಕ್ ಕಾಕ್'. ಬೇಸಿನ್ ಕೆಳಗೆ, ಗೀಸರ್ ಪಕ್ಕ ಇರುವ ಪುಟ್ಟದು 'ಆಂಗಲ್ ಕಾಕ್'. ಈ ನಾಲ್ಕು ಹೆಸರು ಗೊತ್ತಿದ್ದರೆ ಅಂಗಡಿಯವರು ನಮ್ಮನ್ನು ಗಿರಾಕಿ ಎಂದು ನೋಡುತ್ತಾರೆ. ಇಲ್ಲದಿದ್ದರೆ "ಮನೆಯಿಂದ ಯಾರನ್ನಾದರೂ ದೊಡ್ಡವರನ್ನ ಕರಕೊಂಡು ಬಾ ತಂಗಿ" ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಸೋರುತ್ತಿದ್ದುದು ಬಚ್ಚಲುಮನೆಯ ಬಿಬ್ ಕಾಕ್. ನನ್ನ ದಾದಿಮಾ, ಅಂದರೆ ಅಬ್ಬಾರ ಅಮ್ಮ, ಮಣೆಯ ಮೇಲೆ ಕುಳಿತು ವುಜೂ ಮಾಡುವುದು ಅಲ್ಲೇ. ಅವರ ಬೆರಳ ಗೆಣ್ಣುಗಳು ಊದಿಕೊಂಡಿವೆ. ಹಳೆಯ ತಿರುಪಿನ ನಲ್ಲಿಯನ್ನು ಮೂರು ಸುತ್ತು ತಿರುಗಿಸಿ ಬಿಗಿ ಮಾಡಲು ಅವರಿಂದ ಆಗುತ್ತಿರಲಿಲ್ಲ. ದಿನಕ್ಕೆ ಐದು ಸಲ ಯಾರಾದರೂ ಒಬ್ಬರು "ನಲ್ ಬರಾಬರ್ ಬಂದ್ ಕರೋ" ಎಂದು ಹೇಳುವುದು, ಅವರು ಮತ್ತೆ ಎದ್ದು ಹೋಗುವುದು. ಆಮೇಲಾಮೇಲೆ ಅವರು ನಲ್ಲಿಯನ್ನೇ ಬಿಟ್ಟು ಚೊಂಬಿನಲ್ಲಿ ನೀರು ತೆಗೆದುಕೊಳ್ಳಲು ಶುರು ಮಾಡಿದರು. ನೀರು ತುಂಬಿದ ಚೊಂಬನ್ನು ಎತ್ತುವುದು ಆ ಕೈಗಳಿಗೆ ಇನ್ನೂ ಕಷ್ಟ.

ಇನ್ನು ನೀರಿನ ಸ್ಥಿತಿ. ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ. ತಾರಸಿಯ ಟ್ಯಾಂಕು 500 ಲೀಟರಿನದು. ನಾನು ಒಂದು ಲೀಟರಿನ ಬಾಟಲಿಯನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದೆ. ಐವತ್ತು ನಿಮಿಷಕ್ಕೆ ತುಂಬಿತು. ದಿನಕ್ಕೆ 1440 ನಿಮಿಷ, ಅಂದರೆ 28.8 ಲೀಟರ್. ಮೂರು ದಿನಕ್ಕೆ 86 ಲೀಟರಿಗಿಂತ ಹೆಚ್ಚು. ಟ್ಯಾಂಕಿನ ನೀರಿನಲ್ಲಿ ಶೇಕಡಾ 17ರಷ್ಟು ಹನಿಹನಿಯಾಗಿ ಮೋರಿಗೆ. ಹಗಲು ಬಕೆಟ್ ಇಟ್ಟು ಹಿಡಿಯಬಹುದು, ರಾತ್ರಿ ಅದೂ ತುಂಬಿ ಹರಿಯುತ್ತದೆ. ಮೂರನೆಯ ದಿನ ಫಜ್ರ್ ಹೊತ್ತಿಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿಯ ಶಬ್ದ. ನಿಮ್ಮ ಮನೆಯಲ್ಲೂ ಸೋರುತ್ತಿದ್ದರೆ ಈ ಬಾಟಲಿ ಲೆಕ್ಕ ಒಮ್ಮೆ ಮಾಡಿ. 'ಸ್ವಲ್ಪ ಸೋರುತ್ತೆ' ಎಂಬ ಮಾತು ಸಂಖ್ಯೆಯಾದ ಮೇಲೆ ಮನೆಯವರು ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ.

ಸೋರುವ ಪ್ರತಿಯೊಂದು ನಲ್ಲಿಯನ್ನೂ ಬದಲಿಸಬೇಕಾಗಿಲ್ಲ. ಎಲ್ಲಿಂದ ಸೋರುತ್ತಿದೆ ಎಂದು ಮೊದಲು ನೋಡಬೇಕು. ತಿರುಗಿಸುವ ಹಿಡಿಯ ಬುಡದಿಂದ ನೀರು ಜಿನುಗಿದರೆ ಒಳಗಿನ ಕಡ್ಡಿಯ ಸುತ್ತ ಇರುವ ಪ್ಯಾಕಿಂಗ್ ಅಥವಾ ರಬ್ಬರ್ ಬಳೆ ಸವೆದಿದೆ. ಗೋಡೆಗೆ ಸೇರುವ ಕಡೆ ಜಿನುಗಿದರೆ ಟೇಪಿನ ಬಿಗಿ ಹೋಗಿದೆ. ಬಾಯಿಂದಲೇ ಹನಿ ಬೀಳುತ್ತಿದ್ದರೆ ವಾಶರ್ ಹೋಗಿದೆ, ಇಲ್ಲವೇ ವಾಶರ್ ಕೂರುವ ಹಿತ್ತಾಳೆಯ ಅಂಚು, ಅಂದರೆ ಸೀಟು, ಸವೆದಿದೆ.

ಹಳೆಯ ತಿರುಪಿನ ನಲ್ಲಿಯ ಒಳಗಿನ ಕೆಲಸ ಬಹಳ ಸರಳ. ಹಿಡಿ ತಿರುಗಿಸಿದರೆ ಒಂದು ಕಡ್ಡಿ ಕೆಳಗಿಳಿಯುತ್ತದೆ. ಅದರ ತುದಿಯ ರಬ್ಬರ್ ವಾಶರ್ ನೀರಿನ ಕಿಂಡಿಯನ್ನು ಒತ್ತಿ ಮುಚ್ಚುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಆ ಕಿಂಡಿಯ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ. ರಬ್ಬರು ಗಟ್ಟಿಯಾಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಇನ್ನೂ ಬಿಗಿಯಾಗಿ ತಿರುಗಿಸುವುದು. ಬಿಗಿ ಮಾಡಿದಷ್ಟೂ ವಾಶರ್ ಕತ್ತರಿಸಿಹೋಗುತ್ತದೆ. ನಾವು ಐದಾರು ರೂಪಾಯಿಯ ಹೊಸ ವಾಶರ್ ಹಾಕಿ ನೋಡಿದೆವು. ಎರಡು ದಿನ ನಿಂತು ಮತ್ತೆ ಸೋರಿತು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಸೀಟಿನ ಅಂಚಿನಲ್ಲಿ ಉಗುರಿಗೆ ತಗಲುವಷ್ಟು ಗೀರು ಇತ್ತು. ಅಂದರೆ ದಾದಿಮಾ ಎಷ್ಟೇ ಬಿಗಿ ಮಾಡಿದ್ದರೂ ಆ ನಲ್ಲಿ ನಿಲ್ಲುತ್ತಿರಲಿಲ್ಲ. ಈ ಮಾತನ್ನು ನಾನು ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ನಮ್ಮದು ಬಾಡಿಗೆ ಮನೆ. ಹಾಗಾದರೆ ಖರ್ಚು ಯಾರದು? ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ ನಲ್ಲಿಯ ವಾಶರ್ ಮತ್ತು ನಲ್ಲಿ ಬದಲಿಸುವುದು ಬಾಡಿಗೆದಾರರ ಪಾಲು. ಪೈಪುಗಳನ್ನು ಬದಲಿಸುವುದು ಮಾಲೀಕರ ಪಾಲು. ಇದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೆ, ರಾಜ್ಯ ತನ್ನ ಕಾನೂನು ಮಾಡಿದರೆ ಮಾತ್ರ ಜಾರಿಗೆ ಬರುತ್ತದೆ. ಆದರೂ ಹಂಚಿಕೆ ನನಗೆ ನ್ಯಾಯವಾಗಿ ಕಂಡಿತು. ದಿನಾ ತಿರುಗಿಸಿ ಸವೆಸುವವರು ನಾವು, ಗೋಡೆಯೊಳಗಿನದು ಅವರದು. ಬದಲಿಸುವ ಮೊದಲು ಅಮ್ಮಿ ಮಾಲೀಕರಿಗೆ ಫೋನ್ ಮಾಡಿ ಹೇಳಿದರು. ಹೀಗೆ ಹೇಳುವುದು ಮುಖ್ಯ. ಮುಂದೆ ಗೋಡೆಯಲ್ಲಿ ತೇವ ಬಂದರೆ ಮಾತು ಬೆಳೆಯುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಹಳೆಯ ನಲ್ಲಿಯ ಫೋಟೋ ಮೂರು ಕಡೆಯಿಂದ ತೆಗೆದುಕೊಳ್ಳಿ. ಗೋಡೆಯಿಂದ ನೀರು ಬೀಳುವ ಬಾಯಿಯವರೆಗೆ ಸ್ಕೇಲಿನಿಂದ ಅಳೆಯಿರಿ. "ಲಾಂಗ್ ಬಾಡಿನೋ ಶಾರ್ಟ್ ಬಾಡಿನೋ?" ಎಂದು ಕೇಳಿದಾಗ ಉತ್ತರ ಬೇಕಲ್ಲ. ಬಕೆಟ್ ಇಡುವ ಕಡೆ ಗಿಡ್ಡ ನಲ್ಲಿ ಹಾಕಿದರೆ ನೀರು ಗೋಡೆಗೆ ಒರಗಿ ಬೀಳುತ್ತದೆ.

ಅಳತೆಯ ವಿಷಯದಲ್ಲಿ ಒಂದು ತಮಾಷೆ ಇದೆ. ಮನೆಯ ಸಾದಾ ನಲ್ಲಿಗಳೆಲ್ಲ ಸಾಮಾನ್ಯವಾಗಿ 'ಅರ್ಧ ಇಂಚು' ಅಥವಾ 15 ಎಂಎಂ. ಆದರೆ ಅದರ ಮರೆಯ, ಅಂದರೆ ತಿರುಪಿನ ಸುತ್ತುಗಳ, ಹೊರ ಅಗಲವನ್ನು ಸ್ಕೇಲಿಟ್ಟು ಅಳೆದರೆ ಸುಮಾರು 21 ಎಂಎಂ ಬರುತ್ತದೆ. ಮುಕ್ಕಾಲು ಇಂಚಿಗಿಂತಲೂ ಹೆಚ್ಚು! ಅರ್ಧ ಇಂಚು ಎನ್ನುವುದು ಒಳಗಿನ ನೀರಿನ ದಾರಿಯಿಂದ ಬಂದ ಹಳೆಯ ಹೆಸರು. ಕಾಮರ್ಸ್‌ನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಇದು ಷೇರಿನ ಮುಖಬೆಲೆ ಇದ್ದ ಹಾಗೆ. ಹತ್ತು ರೂಪಾಯಿ ಎಂದು ಬರೆದಿರುತ್ತದೆ, ಹತ್ತು ರೂಪಾಯಿಗೆ ಸಿಗುವುದಿಲ್ಲ. ಆದ್ದರಿಂದ ಸ್ಕೇಲಿನಲ್ಲಿ ಅಳೆದು ಮುಕ್ಕಾಲು ಇಂಚಿನದು ಕೇಳಬೇಡಿ. ಈ ಮರೆಯಲ್ಲಿ ಒಂದು ಇಂಚಿಗೆ 14 ಸುತ್ತು ಇರುತ್ತವೆ. ಅಳತೆ ಒಂದೇ ಆದ್ದರಿಂದ ಯಾವ ಕಂಪನಿಯ ನಲ್ಲಿಯಾದರೂ ನಿಮ್ಮ ಗೋಡೆಗೆ ಕೂರುತ್ತದೆ.

ಯಾವ ಬಗೆಯದು ತೆಗೆದುಕೊಳ್ಳಬೇಕು? ಹಿತ್ತಾಳೆಯದು ತೂಕವಾಗಿರುತ್ತದೆ, ಬಾಳಿಕೆ ಬರುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಹೊಳಪು ಮೇಲಿನ ಕ್ರೋಮಿನದು. ಅಷ್ಟೇ ಹೊಳೆಯುವ ಅಗ್ಗದ ಮಿಶ್ರಲೋಹದ ನಲ್ಲಿಗಳೂ ಪಕ್ಕದಲ್ಲೇ ನೇತಾಡುತ್ತಿರುತ್ತವೆ. ಎರಡು ಕೈಯಲ್ಲಿ ಎರಡನ್ನು ಹಿಡಿದು ತೂಗಿದರೆ ವ್ಯತ್ಯಾಸ ತಿಳಿಯುತ್ತದೆ. ತಿರುಪಿನ ಹಿತ್ತಾಳೆ ನಲ್ಲಿಗಳಿಗೆ ಐಎಸ್ 781 ಎಂಬ ಭಾರತೀಯ ಮಾನಕವಿದೆ, ಐಎಸ್ಐ ಗುರುತು ನೋಡಿ. ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿಗಳನ್ನು ಜನ ಹೀಯಾಳಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಬೆಲೆ ಕಡಿಮೆ, ಹಿತ್ತಲ ನಲ್ಲಿಗೆ ಅದೇ ಸಾಕು.

ನಾವು ತೆಗೆದುಕೊಂಡದ್ದು ಕಾಲು ಸುತ್ತಿನ, ಅಂದರೆ ಕ್ವಾರ್ಟರ್ ಟರ್ನ್ ಹಿತ್ತಾಳೆ ನಲ್ಲಿ, ಉದ್ದ ಹಿಡಿಯದು. ಇದರಲ್ಲಿ ರಬ್ಬರ್ ವಾಶರ್ ಒತ್ತುವ ಕೆಲಸವಿಲ್ಲ. ಒಳಗೆ ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಡಿ ಕಾಲು ಸುತ್ತು ತಿರುಗಿದರೆ ಬಿಲ್ಲೆಗಳ ತೂತುಗಳು ಎದುರುಬದುರಾಗಿ ನೀರು ಬರುತ್ತದೆ, ಹಿಂದಕ್ಕೆ ತಂದರೆ ಮುಚ್ಚುತ್ತದೆ. ಬಲ ಬೇಡ. ಮುಂಗೈಯಿಂದ ತಳ್ಳಿದರೂ ಸಾಕು. ಆದರೆ ಈ ಬಿಲ್ಲೆಗಳಿಗೆ ಮರಳು ಆಗದು. ಒಂದು ಕಣ ಸಿಕ್ಕಿಕೊಂಡರೆ ಗೀರು ಬೀಳುತ್ತದೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಇನ್ನೊಂದು ವಿಷಯ ನನಗೆ ಹೇಳಿಕೊಟ್ಟದ್ದು ಸೈನ್ಸ್ ವಿಭಾಗದ ಗೆಳತಿ. ನೀರಿನ ಒತ್ತಡ ಟ್ಯಾಂಕಿನ ಎತ್ತರದ ಮೇಲೆ ನಿಂತಿದೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್. ನಮ್ಮ ಟ್ಯಾಂಕಿನ ನೀರು ನಲ್ಲಿಗಿಂತ ನಾಲ್ಕು ಮೀಟರ್ ಮೇಲಿದೆ, ಅಂದರೆ 0.4 ಬಾರ್ ಅಷ್ಟೆ. ದುಬಾರಿ ಮಾದರಿಗಳಲ್ಲಿ ಕೆಲವು ಇದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಮಾಡಿದವು. ಅವುಗಳನ್ನು ನಮ್ಮಂಥ ಮನೆಗೆ ಹಾಕಿದರೆ ನೀರು ದಾರದ ಹಾಗೆ ಬರುತ್ತದೆ. ಟ್ಯಾಂಕಿಗೆ ಹತ್ತಿರದ ಮೇಲ್ಮಹಡಿಯಲ್ಲಂತೂ ಇನ್ನೂ ಕಡಿಮೆ. ಪೆಟ್ಟಿಗೆಯ ಮೇಲೆ ಬಾರ್ ಸಂಖ್ಯೆ ಬರೆದಿದ್ದರೆ ಓದಿ. ಇಲ್ಲದಿದ್ದರೆ ಅಂಗಡಿಯವರಿಗೆ ನಿಮ್ಮ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದು ಹೇಳಿ ಕೇಳಿ.

ಈಗ ಕೆಲಸಕ್ಕೆ ಬರೋಣ. ಬೇಕಾದದ್ದು ಅಡ್ಜಸ್ಟೆಬಲ್ ಸ್ಪ್ಯಾನರ್ ಒಂದು, ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಶ್, ಬಟ್ಟೆ, ಬಕೆಟ್. ಸಮಯ ಹಗಲಿನದೇ ಇರಲಿ, ಅಂಗಡಿ ತೆರೆದಿರುವ ಹೊತ್ತು. ಭಾನುವಾರ ಸಂಜೆ ಬಿಚ್ಚಿ ಕೂತರೆ ಏನಾದರೂ ಕಡಿಮೆ ಬಿದ್ದಾಗ ಮನೆಯೆಲ್ಲ ನೀರಿಲ್ಲದೆ ರಾತ್ರಿ ಕಳೆಯಬೇಕು.

ತಾರಸಿಯ ಮೇಲೆ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಗೇಟ್ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಕೆಳಗೆ ಬಂದು ನಲ್ಲಿ ತೆರೆದು, ಪೈಪಿನಲ್ಲಿ ಉಳಿದ ನೀರು ಪೂರ್ತಿ ಇಳಿಯುವವರೆಗೆ ಕಾಯಬೇಕು. ಹಳೆಯ ವಾಲ್ವ್‌ಗಳು ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ. ಹತ್ತು ನಿಮಿಷವಾದರೂ ನೀರು ನಿಲ್ಲದಿದ್ದರೆ ನಲ್ಲಿ ಬಿಚ್ಚಲೇಬಾರದು. ಆಗ ಉಪಾಯ ಒಂದೇ: ನೀರು ಬರುವ ದಿನದ ಬೆಳಿಗ್ಗೆ, ಟ್ಯಾಂಕು ಖಾಲಿಯಾಗಿರುವಾಗ ಕೆಲಸ ಮುಗಿಸುವುದು. ಬೀದಿಯ ಪೈಪಿಗೆ ನೇರ ಜೋಡಿಸಿದ ನಲ್ಲಿಯಾದರೆ ನೀರು ಬರದ ದಿನವೇ ಮಾಡಬೇಕು. ಗೀಸರ್ ಇರುವವರು ಅದರ ಸ್ವಿಚ್ಚನ್ನು ಮೊದಲೇ ಆರಿಸಿಡಿ.

ಬಿಚ್ಚುವಾಗ ಗೋಡೆಗೆ ಮುಖ ಮಾಡಿ ನಿಂತು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಇಡೀ ಕೆಲಸದಲ್ಲಿ ಅಪಾಯದ ಜಾಗ ಇದೊಂದೇ. ಗೋಡೆಯ ಒಳಗೆ ಇರುವುದು ಒಂದು ಎಲ್ಬೋ, ಅದನ್ನು ನಾವು ಹಿಡಿದುಕೊಳ್ಳಲು ಆಗುವುದಿಲ್ಲ. ಜಗ್ಗಿ ಜಗ್ಗಿ ತಿರುಗಿಸಿದರೆ ನಲ್ಲಿಯ ಬದಲು ಅದೇ ಮುರಿಯಬಹುದು. ಆಮೇಲೆ ಟೈಲ್ಸ್ ಒಡೆಯಬೇಕು, ಖರ್ಚು ಸಾವಿರಗಳಲ್ಲಿ. ಹೊಸ ಮನೆಗಳಲ್ಲಿ ಒಳಗಿರುವುದು ಸಿಪಿವಿಸಿ ಪೈಪು. ಪ್ಲಾಸ್ಟಿಕ್ ಎಲ್ಬೋದೊಳಗೆ ಹಿತ್ತಾಳೆಯ ಮರೆ ಕೂರಿಸಿರುತ್ತಾರೆ. ಹಳೆಯ ಮನೆಗಳಲ್ಲಿ ಜಿಐ ಪೈಪು, ತುಕ್ಕು ಹಿಡಿದಿರುತ್ತದೆ. ಎರಡಕ್ಕೂ ಔಷಧ ತಾಳ್ಮೆಯೇ. ಸ್ಪ್ಯಾನರಿನ ಬಾಯಿಗೆ ಬಟ್ಟೆ ಸುತ್ತಿ ಹಿಡಿದು ಮೆಲ್ಲಗೆ, ನಿಲ್ಲಿಸದೆ ಒತ್ತಡ ಹಾಕಬೇಕು. ಬಾರದಿದ್ದರೆ ಸೇರುವ ಕಡೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಅದಕ್ಕೂ ಜಗ್ಗದಿದ್ದರೆ, ಅಥವಾ ತಿರುಗಿಸುವಾಗ ಗೋಡೆಯ ಒಳಗಿಂದ ಕಟಕಟ ಶಬ್ದ ಬಂದರೆ, ಕೈ ತೆಗೆದು ಪ್ಲಂಬರ್‌ಗೆ ಫೋನ್ ಮಾಡಿ. ಅವರ ಹತ್ತಿರ ಒಳಗಿಂದ ಹಿಡಿದು ಬಿಚ್ಚುವ ಉಪಕರಣಗಳಿವೆ. ಈ ಸಂದರ್ಭದಲ್ಲಿ ಅವರಿಗೆ ಕೊಡುವ ದುಡ್ಡು ದುಬಾರಿಯಲ್ಲ.

ನಮ್ಮದು ಎರಡನೆಯ ಪ್ರಯತ್ನಕ್ಕೆ ಬಿಟ್ಟಿತು.

ನಲ್ಲಿ ಬಂದ ಮೇಲೆ ಗೋಡೆಯ ಕಿಂಡಿಯೊಳಗೆ ಹಳೆಯ ಟೇಪಿನ ಚೂರು, ಸುಣ್ಣ, ಕೆಲವೊಮ್ಮೆ ಹಳೆಯ ಕಾಲದ ನೂಲು ಮತ್ತು ಪೇಂಟು ಇರುತ್ತದೆ. ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ಸುಣ್ಣ ಗಟ್ಟಿಯಾಗಿದ್ದರೆ ನಿಂಬೆಹುಳಿ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಮೆದುವಾಗುತ್ತದೆ. ಆಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸವಿದೆ. ಒಬ್ಬರು ಕಿಂಡಿಯ ಕೆಳಗೆ ಬಕೆಟ್ ಹಿಡಿದು ನಿಲ್ಲುವುದು, ಇನ್ನೊಬ್ಬರು ತಾರಸಿಯಲ್ಲಿ ವಾಲ್ವನ್ನು ಎರಡು ಮೂರು ಸೆಕೆಂಡು ತೆರೆದು ಮುಚ್ಚುವುದು. ಪೈಪಿನಲ್ಲಿರುವ ಮರಳು, ತುಕ್ಕು ಎಲ್ಲ ಹೊರಗೆ ಬರುತ್ತದೆ. ಸೆರಾಮಿಕ್ ಬಿಲ್ಲೆಯ ಬಗ್ಗೆ ಹೇಳಿದ್ದು ಇದಕ್ಕೇ. ನಮ್ಮಲ್ಲಿ ತಮ್ಮ ತಾರಸಿಯಲ್ಲಿ, ನಾನು ಕೆಳಗೆ, ನಡುವೆ ಮೆಟ್ಟಿಲಲ್ಲಿ ನಿಂತು ಕೂಗಿ ಹೇಳುವವರು ಅಮ್ಮಿ. ಬಕೆಟ್ಟಿನ ತಳದಲ್ಲಿ ಒಂದು ಚಮಚದಷ್ಟು ಕೆಂಪು ಮರಳು ಕೂತಿತ್ತು.

ಟೇಪಿನ ಕೆಲಸದಲ್ಲಿ ದಿಕ್ಕೇ ಎಲ್ಲ. ಟೆಫ್ಲಾನ್ ಎಂಬುದು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಬೇರೇನೋ ಪ್ರಯೋಗ ಮಾಡುವಾಗ ಆಕಸ್ಮಿಕವಾಗಿ ಸಿಕ್ಕ ಜಾರುವ ವಸ್ತು. ತವೆಯ ಮೇಲಿನ ಲೇಪವೂ ಅದೇ, ಈ ಬಿಳಿ ಟೇಪೂ ಅದೇ. ಅದು ಅಂಟುವುದಿಲ್ಲ. ಮರೆಯ ಸಂದುಗಳನ್ನು ತುಂಬಿ ನೀರನ್ನು ತಡೆಯುತ್ತದೆ, ಜಾರುವುದರಿಂದ ನಲ್ಲಿ ಸುಲಭವಾಗಿ ಒಳಗೆ ಕೂರುತ್ತದೆ. ನಲ್ಲಿಯ ಮರೆಯ ತುದಿ ನಿಮ್ಮ ಮುಖದ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೇಪು ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿಯಾದಷ್ಟೂ ಟೇಪು ಬಿಚ್ಚಿ ಹೊರಗೆ ಬರುತ್ತದೆ. ಸ್ವಲ್ಪ ಎಳೆದು ಹಿಡಿದು, ಹತ್ತರಿಂದ ಹದಿನೈದು ಸುತ್ತು. ತುದಿಯ ಮೊದಲನೆಯ ಸುತ್ತನ್ನು ಬರಿದಾಗಿ ಬಿಡಿ, ಟೇಪಿನ ಚೂರು ನೀರಿಗೆ ಬೀಳುವುದಿಲ್ಲ. ಗೋಡೆಯ ಮೇಲೆ ಕೂರುವ ದುಂಡನೆಯ ತಟ್ಟೆ, ಅಂದರೆ ಫ್ಲ್ಯಾಂಜ್, ಟೇಪು ಸುತ್ತುವ ಮೊದಲೇ ನಲ್ಲಿಗೆ ಏರಿರಬೇಕು.

ಕೂರಿಸುವಾಗ ಮೊದಲು ಕೈಯಿಂದಲೇ, ನೇರವಾಗಿ ಹಿಡಿದು ಬಲಕ್ಕೆ ತಿರುಗಿಸಿ. ಸೊಟ್ಟ ಹಿಡಿದರೆ ಮರೆ ಹಾಳಾಗುತ್ತದೆ. ಕೈಗೆ ಆಗುವಷ್ಟು ಆದ ಮೇಲೆ ಸ್ಪ್ಯಾನರಿನಿಂದ ಇನ್ನೊಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಬಾಯಿ ಸರಿಯಾಗಿ ಕೆಳಮುಖವಾಗಿ ನಿಲ್ಲಬೇಕು. ದಾಟಿ ಹೋಯಿತೆಂದು ಹಿಂದಕ್ಕೆ ತಿರುಗಿಸಿದರೆ ಟೇಪಿನ ಬಿಗಿ ಸಡಿಲಾಗಿ ಅಲ್ಲೇ ಜಿನುಗುತ್ತದೆ. ದಾಟಿದ್ದರೆ ಪೂರ್ತಿ ಬಿಚ್ಚಿ, ಹಳೆಯ ಟೇಪು ತೆಗೆದು, ಎರಡು ಸುತ್ತು ಹೆಚ್ಚು ಟೇಪು ಹಾಕಿ ಮತ್ತೆ ಕೂರಿಸಬೇಕು. ಇಪ್ಪತ್ತು ರೂಪಾಯಿ ಟೇಪಿಗೆ ಜಿಪುಣತನ ಬೇಡ.

ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ನಲ್ಲಿ ಮೊದಲು ಗಾಳಿ ಉಗುಳುತ್ತದೆ, ಹೆದರಬೇಡಿ. ನೀರು ಬಂದ ಮೇಲೆ ನಲ್ಲಿ ಮುಚ್ಚಿ, ಫ್ಲ್ಯಾಂಜಿನ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವವನ್ನು ಅದು ತೋರಿಸುತ್ತದೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ.

ಪಿಲ್ಲರ್ ಕಾಕ್ ಬದಲಿಸುವ ತತ್ವವೂ ಇದೇ. ಅಲ್ಲಿ ಟೇಪಿನ ಕೆಲಸ ಕಡಿಮೆ. ಕೆಳಗಿನ ಕನೆಕ್ಷನ್ ಪೈಪಿನ ಎರಡು ತುದಿಗೂ ರಬ್ಬರ್ ವಾಶರ್ ಇರುತ್ತದೆ. ಆಂಗಲ್ ಕಾಕ್ ಮುಚ್ಚಿದರೆ ತಾರಸಿ ಹತ್ತಬೇಕಾಗಿಲ್ಲ. ಕಷ್ಟವೆಂದರೆ ಬೇಸಿನ್ ಕೆಳಗೆ ಮಲಗಿ ಮೇಲೆ ನೋಡುತ್ತ ನಟ್ ತಿರುಗಿಸಬೇಕು.

ಈಗ ಲೆಕ್ಕ. ನಲ್ಲಿ 420 ರೂಪಾಯಿ, ಟೇಪು 20, ಸ್ಪ್ಯಾನರ್ 280. ಒಟ್ಟು 720. ಪ್ಲಂಬರ್ ಕೇಳಿದ ಕೂಲಿ 350. ನಲ್ಲಿ, ಟೇಪು ಸೇರಿದರೆ 790. ಮೊದಲ ಸಲದ ಉಳಿತಾಯ ಬರೀ 70 ರೂಪಾಯಿ, ಎರಡು ಗಂಟೆ ದುಡಿಮೆಗೆ ಏನೂ ಅಲ್ಲ. ಆದರೆ ಸ್ಪ್ಯಾನರ್ ಮನೆಯಲ್ಲೇ ಉಳಿಯಿತು, ಮುಂದಿನ ನಲ್ಲಿಗೆ ಉಳಿಯುವುದು ಪೂರ್ತಿ 350. ಇದನ್ನು ಪುಸ್ತಕದಲ್ಲಿ ಹೇಗೆ ಬರೆಯಬೇಕು ಎಂದು ನಾನು ಅಕೌಂಟೆನ್ಸಿ ಮೇಡಂ ಅವರನ್ನು ಕೇಳಿದೆ. ವಾಶರ್ ದುರಸ್ತಿ, ರೆವೆನ್ಯೂ ವೆಚ್ಚ. ಹಳೆಯ ನಲ್ಲಿಯ ಜಾಗಕ್ಕೆ ಹೊಸದು ಹಾಕಿದ್ದೂ ರೆವೆನ್ಯೂ ವೆಚ್ಚವೇ, ಏಕೆಂದರೆ ಮನೆ ಇದ್ದ ಸ್ಥಿತಿಯಲ್ಲೇ ಉಳಿಯಿತು. ಸ್ಪ್ಯಾನರ್ ವರ್ಷಗಟ್ಟಲೆ ಬರುವ ವಸ್ತು, ತತ್ವದಲ್ಲಿ ಬಂಡವಾಳ ವೆಚ್ಚ. ಆದರೆ 280 ರೂಪಾಯಿಯ ವಸ್ತುವಿಗೆ ಯಾರೂ ಸವಕಳಿ ಹಾಕುತ್ತ ಕೂರುವುದಿಲ್ಲ, ಅದೇ ವರ್ಷದ ಖರ್ಚಿಗೆ ಬರೆದುಬಿಡುತ್ತಾರೆ. ಮೆಟೀರಿಯಾಲಿಟಿ ಎಂಬ ಪಾಠ ನನಗೆ ಸ್ಪ್ಯಾನರಿನಿಂದ ಅರ್ಥವಾಯಿತು.

ಈ ಲೆಕ್ಕದಲ್ಲಿ ಬರದ ಒಂದು ಸಂಗತಿ ಇದೆ. ಅಬ್ಬಾ ಲಾರಿಯ ಮೇಲೆ ಹೋದರೆ ಬರುವುದು ವಾರಕ್ಕೊಮ್ಮೆ. ಮನೆಯಲ್ಲಿ ಉಳಿಯುವವರು ದಾದಿಮಾ, ಅಮ್ಮಿ, ನಾನು, ಆರನೆಯ ತರಗತಿಯ ತಮ್ಮ. ಪ್ಲಂಬರ್ ಭಾಯ್ ಬರಲು ಸಿದ್ಧ, ಆದರೆ ಮನೆಯಲ್ಲಿ ಗಂಡಸರಿಲ್ಲದಾಗ ಬೇಡ ಎಂದು ಅಮ್ಮಿ. ಹೀಗೆ ಮೂರು ವಾರ ನಲ್ಲಿ ಸೋರಿತ್ತು. ಅಮ್ಮಿಯ ಮಾತು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಸ್ಪ್ಯಾನರ್ ಹಿಡಿಯಲು ಗಂಡಸೇ ಬೇಕು ಎಂದು ಯಾರೂ ಎಲ್ಲೂ ಬರೆದಿಲ್ಲ. ಕಾಲೇಜಿನ ಹುಡುಗಿಯರಿಗೆ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಈ ಕೆಲಸಕ್ಕೆ ಬೇಕಾಗುವ ಬಲ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸ್ಪ್ಯಾನರಿನ ಹಿಡಿ ಉದ್ದವಿದ್ದಷ್ಟೂ ಬೇಕಾಗುವ ಬಲ ಕಡಿಮೆ.

ದಾದಿಮಾ ಈಗ ಚೊಂಬು ಬಿಟ್ಟು ನಲ್ಲಿಯಲ್ಲೇ ವುಜೂ ಮಾಡುತ್ತಾರೆ. ಹಿಡಿಯನ್ನು ಅರ್ಧಕ್ಕಿಂತ ಕಡಿಮೆ ತೆರೆದರೆ ಸಣ್ಣ ಧಾರೆ ಬರುತ್ತದೆ, ಅವರಿಗೆ ಅಷ್ಟೇ ಬೇಕು. ಅವರ ದೂರು ಒಂದೇ: ಹೊಸ ನಲ್ಲಿ ಶಬ್ದ ಮಾಡುವುದಿಲ್ಲ, ರಾತ್ರಿ ಯಾರು ಎದ್ದರೆಂದು ತಿಳಿಯುವುದಿಲ್ಲ.

ಹಳೆಯ ನಲ್ಲಿಯನ್ನು ಗುಜರಿಗೆ ಹಾಕಬೇಡಿ. ಹಿತ್ತಾಳೆಗೆ ತೂಕದ ಲೆಕ್ಕದಲ್ಲಿ ದುಡ್ಡು ಬರುತ್ತದೆ ನಿಜ, ಆದರೆ ಬಾಡಿಗೆ ಮನೆಯಲ್ಲಿ ಅದು ಮಾಲೀಕರ ವಸ್ತು. ನಮ್ಮದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬದಲಿಸಿದ ತಾರೀಕು ಬರೆದು, ಹೊಸ ನಲ್ಲಿಯ ಬಿಲ್ಲು ಮತ್ತು ವಾರಂಟಿ ಚೀಟಿಯ ಜೊತೆ ಅಟ್ಟದ ಮೇಲೆ ಇಟ್ಟಿದ್ದೇವೆ.